ಮೂರನೇ ಸುರ

೯ ಜನವರಿ ೧೯೯೨, ಗುರುವಾರ

ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾ ತನ್ನ ಹಳೆಯ ಓಢಣಿಯನ್ನು ನನ್ನ ತಂತಿವಾದ್ಯ ಕಮಾಯಿಚಾದ ಮೇಲೆ ಹೊದಿಸಿ ಗೂಟಕ್ಕೆ ನೇತುಹಾಕಿದ್ದಾಳೆ. ತಾನಾಗಿ ತೆಗೆಯುವ ತನಕ ಯಾರೂ ಮುಟ್ಟಕೂಡದಂತೆ. ಬುದ್ಧಿ ಬಂದಾಗಿನಿಂದ ಅದರ ಬಿಲ್ಲು ಹಿಡಿದ ಕೈ ಇದು. ಪೆನ್ನು ಹಿಡಿದರೆ ಮುಷ್ಕರ ಹೂಡುತ್ತದೆ. ಅಕ್ಷರಗಳು ಹೊಸದಾಗಿ ಹುಟ್ಟಿದ ಮೇಕೆಮರಿಗಳ ಹಾಗೆ ಕಾಲು ಚೆಲ್ಲುತ್ತಿವೆ.

ಸೋಮವಾರ ಮಗುವಿಗೆ ಮಣ್ಣು ಕೊಟ್ಟು ಬಂದೆವು. ಎದೆಗೆ ಶೀತ ಇಳಿದಿತ್ತು. ಬಾಡಮೇರ್ ಆಸ್ಪತ್ರೆ ಇನ್ನೂ ದೂರ ಇರುವಾಗಲೇ, ಜೀಪಿನಲ್ಲಿ, ಹೆಂಡತಿ ಸಮ್ದಾಳ ಮಡಿಲಲ್ಲೇ ಮುಗಿಯಿತು. ಇದಕ್ಕಿಂತ ಹೆಚ್ಚು ಬರೆಯುವುದೇನಿದೆ? ಪ್ರತಿ ಚಳಿಗಾಲವೂ ನಮ್ಮ ಓಣಿಯಲ್ಲಿ ಯಾರಾದರೊಬ್ಬರ ಮನೆಯಲ್ಲಿ ಆಗುವುದೇ.

ಭೀಖೇ ಕಾಕಾ ಬಂದು ಕೂತು ಹುಕ್ಕಾ ಎಳೆದರು. "ವಯಸ್ಸಿದೆ ಇಬ್ಬರಿಗೂ. ಕೊಟ್ಟವನು ಇನ್ನೊಂದು ಕೊಡ್ತಾನೆ" ಎಂದರು. "ಹೌದು ಕಾಕಾ" ಎಂದೆ. ಒಳಗೆ ಸಮ್ದಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿದೆಯಂತೆ. ಮಾ ಹೇಳಿದಳು. ನನ್ನ ಹತ್ತಿರ ಸಮ್ದಾ ಏನೂ ಹೇಳಿಲ್ಲ.

೧೩ ಜನವರಿ

ಮನೆಯಲ್ಲಿ ಮಾತಿಲ್ಲ. ಅಪ್ಪ ಕಲಿಸಿದ ರಾಗಗಳ ವಿಚಾರವನ್ನಾದರೂ ಬರೆದಿಡೋಣ. ಅದರಿಂದ ಯಾರಿಗಾದರೂ ಉಪಯೋಗವಾದೀತು. ಅತ್ತರೆ ಯಾರಿಗೆ ಉಪಯೋಗ?

ಶಹರದ ಉಸ್ತಾದರು ಸ್ವರಕ್ಕೊಂದು ಹೆಸರಿಟ್ಟುಕೊಂಡು ರಾಗ ಕಲಿಸುತ್ತಾರೆ. ನಾವು ಮಾಂಗಣಿಯಾರರು, ಹಾಡುವುದೇ ಕುಲಕಸುಬಾದವರು, ಹಾಗೆ ಕಲಿಯುವುದಿಲ್ಲ. ಹಾಡಿಗೆ ಮೊದಲು ಎರಡು ಸಾಲಿನ ದೋಹಾ ಎತ್ತುತ್ತೇವೆ. ಆ ಎರಡು ಸಾಲು ಮುಗಿಯುವುದರೊಳಗೆ ಕೂತವರಿಗೆ ಇದು ಯಾವ ರಾಗ ಎಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ತಪ್ಪು ಹಾಡಿದವನದು.

ಅಪ್ಪ ನನಗೆ ಕಲಿಸಿದ ರೀತಿ ಹೀಗೆ. ಬೇವಿನ ಕಟ್ಟೆಯ ಮೇಲೆ ಕೂತು "ಮನೆಗೆ ಬಾ" ಅನ್ನುವಷ್ಟನ್ನೇ ಹಾಡುತ್ತಿದ್ದ. ಅದೇ ಮಾತು, ಅದೇ ತಾಳ. ಒಂದೇ ಒಂದು ಸುರವನ್ನು ಕೂದಲೆಳೆಯಷ್ಟು ಇಳಿಸುತ್ತಿದ್ದ. ಆಮೇಲೆ ನನ್ನ ಕಿವಿ ಹಿಂಡಿ, "ಈಗ ಹೇಳು. ಕರೆಸಿಕೊಂಡವನು ಬರ್ತಾನಾ, ಬರಲ್ವಾ?" ಎನ್ನುತ್ತಿದ್ದ.

"ಬರ್ತಾನೆ."

"ಥೂ. ಅವನು ಯಾವಾಗಲೋ ಸತ್ತ. ಮತ್ತೆ ಕೇಳು."

ಸುರಗಳೆಲ್ಲ ಅವೇ. ಒಂದು ಇಳಿದರೆ ಊರೇ ಬೇರೆ ಆಗುತ್ತದೆ. ನಮ್ಮ ಖಮಾಯತಿ ರಾಗವನ್ನೇ ನೋಡಿ: ಅದರ ಮೂರನೇ ಸುರ ತಲೆ ಎತ್ತಿ ನಿಂತಿರಬೇಕು. ಹುಟ್ಟಿನ ಹಾಡು, ಮದುವೆಯ ಹಾಡು ಎಲ್ಲ ಆ ಒಂದು ಸುರದ ಬಲದ ಮೇಲೆ ನಿಂತಿವೆ. ಅದು ಕುಸಿದರೆ ಖಮಾಯತಿ ಇಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಅಪ್ಪ ಕೊಟ್ಟಿಲ್ಲ, ನಾನೂ ಕೊಡುವವನಲ್ಲ.

೨೨ ಜನವರಿ

ನಮ್ಮ ಒಡೆಯರಾದ ಠಾಕುರ್ ಸಾ ಮನೆಯಿಂದ ಜೀಪು ಬಂದಿತ್ತು. ಅವರ ಸೊಸೆ ಕುಂವರಾಣಿಗೆ ದಿನ ತುಂಬುತ್ತಿದೆ. ಹೆರಿಗೆಯಾದ ಮೇಲೆ ಸೂರ್ಯಪೂಜೆಯ ದಿನ ನಾವು ಹೋಗಿ ಹುಟ್ಟಿನ ಜೋಗುಳವಾದ ಹಾಲರಿಯೋ ಹಾಡಬೇಕು. ಆ ಮನೆಯಲ್ಲಿ ಹುಟ್ಟಿದವರೆಲ್ಲರ ಕಿವಿಗೂ ಮೊದಲು ಬಿದ್ದ ಹಾಡು ನಮ್ಮದೇ. ಠಾಕುರ್ ಸಾ ಹುಟ್ಟಿದಾಗ ನನ್ನ ಅಜ್ಜಿ ಹಾಡಿದ್ದಳು. ಅವರ ಮಗ ಕುಂವರ್ ಸಾ ಹುಟ್ಟಿದಾಗ ಮಾ ಹಾಡಿದ್ದಳು. ಈಗ ಮಾಗೆ ಹಲ್ಲಿಲ್ಲ, ಉಸಿರೂ ನಿಲ್ಲುವುದಿಲ್ಲ. ಇನ್ನು ಸಮ್ದಾಳೇ ಹಾಡಬೇಕು.

"ಬರ್ತೀವಿ ಅಂತ ಹೇಳು" ಎಂದು ಮಾ ಡ್ರೈವರನನ್ನು ಕಳಿಸಿಬಿಟ್ಟಳು.

"ಮಾ, ಸಮ್ದಾ ಈಗ..."

"ನನ್ನನ್ನೇನು ಕೇಳ್ತೀಯೋ? ಹೆಂಡತಿ ಯಾರಿಗೆ, ನಂಗಾ? ಹೋಗಿ ಅವಳನ್ನ ಕೇಳು."

ಬಾಗಿಲಲ್ಲಿ ನಿಂತು ಕೇಳಿದೆ. ಸಮ್ದಾ ಸಜ್ಜೆ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಹಾಡ್ತೀನಿ. ನಾನು ಹಾಡಲ್ಲ ಅಂದ್ರೆ ಅವರ ಮನೇಲಿ ಹುಟ್ಟೋದು ನಿಲ್ಲುತ್ತಾ?"

೨೮ ಜನವರಿ

ಮಾ ಓಢಣಿ ತೆಗೆದಳು. ಚಳಿಗೆ ತಂತಿಗಳೆಲ್ಲ ಸಡಿಲವಾಗಿದ್ದವು. ಎಲ್ಲವನ್ನೂ ಖಮಾಯತಿಗೆ ಕೂರಿಸಿ ಸಮ್ದಾಳನ್ನು ಕರೆದೆ.

ಅವಳ ಕಂಠದ ಬಗ್ಗೆ ನಾನು ಹೊಗಳಿ ಬರೆಯಬಾರದು, ನನ್ನ ಹೆಂಡತಿ. ಆದರೆ ಈ ಸುತ್ತಮುತ್ತ ಅಂಥ ಕಂಠ ಇಲ್ಲ. ಇವತ್ತೂ ದೋಹಾ ಚೆನ್ನಾಗಿಯೇ ಎತ್ತಿದಳು. ಹಾಡಿನ ಎರಡನೇ ಸಾಲಿಗೆ ಬಂದಾಗ ಮೂರನೇ ಸುರ ಜಾರಿತು. ನಿಲ್ಲಿಸಿದೆ. ಮತ್ತೆ ಹಾಡಿಸಿದೆ. ಮತ್ತೆ ಜಾರಿತು.

"ಇಳೀತಿದೆ."

"ಇಲ್ಲ."

"ಸಮ್ದಾ, ನನ್ನ ಕಿವಿಗೆ ಹೇಳ್ತೀಯಾ? ಇಳೀತಿದೆ."

"ನಾನು ಮೊದಲು ಹೇಗೆ ಹಾಡ್ತಿದ್ನೋ ಹಾಗೇ ಹಾಡ್ತಿದೀನಿ."

ಬಿಲ್ಲೆಳೆದು ಸರಿಯಾದ ಸುರವನ್ನು ತೋರಿಸಿದೆ. ಅವಳು ಅದನ್ನು ಕೇಳಿಸಿಕೊಂಡು, ತಲೆಯಾಡಿಸಿ, ಹಾಡಿದಳು. ಇಳಿಯಿತು. ಬೇಕೆಂದೇ ಮಾಡುತ್ತಿದ್ದಾಳೆ ಅನ್ನಿಸಿತು.

"ಇದೇನು ಹುಟ್ಟಿದ ಮನೇನಾ, ಸತ್ತ ಮನೇನಾ? ಕುಂವರಾಣಿ ಎದುರಿಗೆ ಹೀಗೆ ಹಾಡಿದ್ರೆ ಅಪಶಕುನ ಅಂತ ಅಟ್ಟುತ್ತಾರೆ!"

ಸಮ್ದಾ ಎದ್ದಳು. ಮೇಕೆಗಳಿಗೆ ನೀರು ಕುಡಿಸಲು ಹೋದಳು. ಆಗಲೇ ಕುಡಿಸಿ ಆಗಿತ್ತು.

೩೦ ಜನವರಿ

ಮತ್ತೆ ಅದೇ. ಮತ್ತೆ ಅದೇ.

೩ ಫೆಬ್ರವರಿ

ಸಮ್ದಾಳ ಅಣ್ಣ ಬಂದು ಅವಳನ್ನು ತವರಿಗೆ ಕರೆದುಕೊಂಡು ಹೋದ. ಕೇಳಲಿಲ್ಲ, ಹೇಳಿದ ಅಷ್ಟೆ. "ಸ್ವಲ್ಪ ದಿನ ಇರ್ಲಿ ಭಾವ. ಅಲ್ಲಿ ಯಾರೂ ಅವಳಿಗೆ ಹಾಡು ಅನ್ನಲ್ಲ."

ಬಸ್ಸು ಹತ್ತುವಾಗ ಅವಳು ಹಿಂತಿರುಗಿ ನೋಡಿದಳೋ ಇಲ್ಲವೋ ಗೊತ್ತಿಲ್ಲ. ಧೂಳು.

ಮಾ ಇಡೀ ದಿನ ನನ್ನೊಡನೆ ಜಗಳಕ್ಕೆ ನಿಂತಿದ್ದಳು. ರೊಟ್ಟಿ ಬಡಿಸುವಾಗಲೂ ತಟ್ಟೆಯನ್ನು ಎಸೆದ ಹಾಗೇ ಇಟ್ಟಳು.

"ನಿನ್ನ ಅಪ್ಪನೂ ಹೀಗೇ. ದೇವರು ಕಿವಿ ಕೊಟ್ಟಿದ್ದ, ಕಣ್ಣು ಕೊಡೋದು ಮರೆತಿದ್ದ."

"ಸುರ ತಪ್ಪಿದ್ರೆ ತಪ್ಪು ಅನ್ಬಾರದಾ ಮಾ?"

"ಅನ್ನಪ್ಪ, ಅನ್ನು. ನೀನಿನ್ನೂ ಒಂದು ಸಲ ಕೂಡ ಆ ಮಗು ಹೆಸರು ಅಂದಿಲ್ಲ. ಅದನ್ನ ಯಾವಾಗ ಅಂತೀಯಾ?"

ಅವಳಿಗೆ ವಯಸ್ಸಾಗಿದೆ.  ಕೇರ್-ಸಾಂಗ್ರಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು, ಹೇಳದೆ ತಿಂದು ಎದ್ದೆ.

೮ ಫೆಬ್ರವರಿ, ಶನಿವಾರ

ಸಮ್ದಾಳ ತಪ್ಪು ಎಷ್ಟು ಎಂದು ಅಳೆದೇ ಬಿಡೋಣ ಅಂತ ಕೂತೆ. ಅವಳು ವಾಪಸ್ಸು ಬಂದಾಗ ಬೆರಳಿಟ್ಟು ತೋರಿಸಬೇಕು: ನೋಡು, ಇಲ್ಲಿರಬೇಕಿತ್ತು, ನೀನು ಇಲ್ಲಿಗೆ ಬಂದೆ.

ಮೂರನೇ ಸುರ ಎದ್ದು ನಿಲ್ಲುವ ಜಾಗ ನನ್ನ ಬೆರಳಿಗೆ ಗೊತ್ತು. ಅದು ಮಲಗುವ ಜಾಗವೂ ಗೊತ್ತು. ಮೊದಲನೆಯದು ಹುಟ್ಟಿಗೆ, ಎರಡನೆಯದು ಬೀಳ್ಕೊಡುಗೆಗೆ. ಅವಳದು ಮಲಗುವ ಜಾಗ ಎಂದೇ ನಾನು ಅಂದುಕೊಂಡಿದ್ದೆ. ಅಲ್ಲಿ ಬೆರಳಿಟ್ಟು ಬಿಲ್ಲೆಳೆದರೆ ಅವಳ ಸುರ ಬರಲಿಲ್ಲ. ಸ್ವಲ್ಪ ಮೇಲೆ ಹೋದೆ. ಹೆಚ್ಚಾಯಿತು. ಮೇಕೆಕರುಳಿನ ತಂತಿಯ ಮೇಲೆ ಉಗುರಿನಷ್ಟು ಜಾಗ, ಅಷ್ಟರಲ್ಲೇ ಹಿಂದೆ ಮುಂದೆ ಹುಡುಕಿದೆ. ಕೊನೆಗೆ ಸಿಕ್ಕಿತು. ಎರಡರ ನಡುವೆ ಇದೆ. ಮಲಗಲು ಹೊರಟು ಇನ್ನೂ ಪೂರ್ತಿ ಮಲಗದ ಜಾಗ.

ಇದು ಯಾವ ರಾಗದ್ದೂ ಅಲ್ಲ. ಅಪ್ಪ ಇದ್ದಿದ್ದರೆ ಬಿಲ್ಲಿನಿಂದಲೇ ಬಾರಿಸುತ್ತಿದ್ದ.

ಒಂದೇ ತಂತಿಯಲ್ಲಿ ನುಡಿಸಿದರೆ ತೆಳ್ಳಗೆ ಕೇಳುತ್ತದೆ ಎಂದು ಪಕ್ಕದ ಉಕ್ಕಿನ ತಂತಿಗಳನ್ನೂ ಅದಕ್ಕೇ ಶ್ರುತಿ ಮಾಡಿದೆ. ಸುಮ್ಮನೆ, ನೋಡೋಣ ಅಂತ. ಬಿಲ್ಲು ತಾಕಿಸಿದೊಡನೆ ಕಮಾಯಿಚಾದ ಹೊಟ್ಟೆಯೆಲ್ಲ ಗುಂಯ್ ಎಂದಿತು. ಎದೆಗೆ ಒರಗಿಸಿಕೊಂಡಿದ್ದೆನಲ್ಲ, ಅದು ನನ್ನೊಳಗೂ ಇಳಿಯಿತು.

ಆಗ ತಿಳಿಯಿತು ಈ ಸುರವನ್ನು ಎಲ್ಲಿ ಕೇಳಿದ್ದೇನೆಂದು. ಚಳಿಗಾಲಕ್ಕೆ ಮೊದಲು ಮಧ್ಯಾಹ್ನಗಳಲ್ಲಿ ಸಮ್ದಾ ಜಾಳದ ಮರದ ಕೆಳಗೆ ಮಂಚ ಹಾಕಿಕೊಂಡು ಹಾಲೂಡಿಸುತ್ತಿದ್ದಳು. ಹಾಲರಿಯೋ ಗುನುಗುತ್ತಿದ್ದಳು. ಬೆಳಗಿನಿಂದ ದುಡಿದ ಹೆಂಗಸು, ಅವಳಿಗೂ ಜೊಂಪು ಹತ್ತುತ್ತಿತ್ತು. ಕಂಠ ಸಡಿಲವಾಗಿ ಮೂರನೇ ಸುರ ತಾನಾಗಿ ಕೆಳಗಿಳಿಯುತ್ತಿತ್ತು. ನಾನು ಒಳಗೆ ಹೊಸ ತಂತಿ ಹೊಸೆಯುತ್ತಾ, "ಸುರ, ಸುರ!" ಎಂದು ಕೂಗುತ್ತಿದ್ದೆ. ಅವಳು ನಗುತ್ತಿದ್ದಳು. ಸರಿ ಮಾಡಿಕೊಳ್ಳುತ್ತಿರಲಿಲ್ಲ. ಸರಿ ಮಾಡಿಕೊಂಡರೆ ಕೇಸರ್ ಕಣ್ಣು ಬಿಡುತ್ತಿದ್ದಳು. ಕೇಸರ್‌ಗೆ ಆ ಸುರ ಬಂದಾಗಲೇ ನಿದ್ದೆ ಹತ್ತುತ್ತಿದ್ದದ್ದು.

ಮಾ ಇಟ್ಟುಹೋದ ಚಹಾ ಆರಿ ಕೆನೆಗಟ್ಟಿತ್ತು. ಎಷ್ಟು ಹೊತ್ತು ನುಡಿಸಿದೆನೋ ಗೊತ್ತಿಲ್ಲ. ತಂತಿಗಳನ್ನು ಮತ್ತೆ ಖಮಾಯತಿಗೆ ಕೂರಿಸಬೇಕು. ನಾಳೆ ಕೂರಿಸಿದರಾಯಿತು.

೧೫ ಫೆಬ್ರವರಿ

ಠಾಕುರ್ ಸಾ ಮನೆಯಲ್ಲಿ ಗಂಡುಮಗು. ಬಂದೂಕು ಹಾರಿಸಿದ್ದು ನಮ್ಮ ಓಣಿಗೂ ಕೇಳಿಸಿತು. ಮಾ ಬೆಲ್ಲ ಹಂಚಿದಳು.

ಸಮ್ದಾಳನ್ನು ಕರೆತರಲು ಹೋದೆ. ಬೇಡ ಅಂದರೆ ಬೇಡ, ಠಾಕುರ್ ಸಾಗೆ ನಾನೇ ಏನಾದರೂ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಅವಳು ನನ್ನನ್ನು ನೋಡಿ ಗಂಟು ಕಟ್ಟಿಕೊಂಡು ಬಂದುಬಿಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಶಿವ್ ಊರು ದಾಟಿದ ಮೇಲೆ ಬಾಯಿ ಬಿಟ್ಟಳು.

"ಗಂಡಾ?"

"ಗಂಡು."

"ತಾಯಿ ಹೇಗಿದಾಳೆ?"

"ಚೆನ್ನಾಗಿದಾರಂತೆ."

"ನಾನು ಸರಿಯಾಗಿ ಹಾಡ್ತೀನಿ. ಅಲ್ಲಿ ಕೂತು ಅಭ್ಯಾಸ ಮಾಡ್ದೆ. ಅಣ್ಣನ ಡೋಲಕ್ ಇಟ್ಕೊಂಡು. ಇಳಿಯಲ್ಲ ಈಗ."

"ಸರಿ" ಎಂದೆ. ಇನ್ನೇನೋ ಹೇಳಬೇಕಿತ್ತು. ಅಷ್ಟರಲ್ಲಿ ಕಂಡಕ್ಟರ್ ಬಂದ.

ಮನೆಯಲ್ಲಿ ಹಾಡಿದಳು. ನಿಜ, ಇಳಿಯಲಿಲ್ಲ. ಮೂರನೇ ಸುರ ಮೊಳೆ ಹೊಡೆದಂತೆ ನಿಂತಿತು. ಒಂದು ತಪ್ಪಿಲ್ಲ. ಮಾ ಅರ್ಧಕ್ಕೇ ಎದ್ದು ಒಲೆಯ ಕಡೆ ಹೋದಳು. ನನಗೆ ಸಂತೋಷವಾಗಬೇಕಿತ್ತು.

೨೦ ಫೆಬ್ರವರಿ, ಗುರುವಾರ

ಇವತ್ತು ಸೂರ್ಯಪೂಜೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೊತ್ತೇರುವ ಮೊದಲೇ ಹೋದೆವು. ಮಾ, ಸಮ್ದಾ ಮತ್ತು ಕಾಕಾನ ಸೊಸೆಯಂದಿರು ಡೋಲಕ್ ಹಿಡಿದು ಹೆಂಗಸರ ಅಂಗಳಕ್ಕೆ ಹೋದರು. ನಾನು ಹೊರಗೆ ಗಂಡಸರು ಕೂರುವ ಕೋಟಡಿಯಲ್ಲಿ ಉಳಿದೆ. ನಡುವೆ ಒಂದೇ ಗೋಡೆ. ಠಾಕುರ್ ಸಾ ದಿಂಬಿಗೆ ಒರಗಿದ್ದರು. ಅವರಿಗೆ ರಾಗ ಗೊತ್ತು. ನಮ್ಮಲ್ಲಿ ಅನೇಕರಿಗಿಂತ ಹೆಚ್ಚು ಗೊತ್ತು. ಕುಂವರ್ ಸಾ ಹೊಸ ಕೇಸರಿ ಪೇಟ ಕಟ್ಟಿಕೊಂಡು ನೆಂಟರ ನಡುವೆ ಓಡಾಡುತ್ತಿದ್ದರು.

"ಮಿಸ್ರಾ, ಶುರು ಮಾಡು" ಎಂದರು ಠಾಕುರ್ ಸಾ.

ಅವರ ವಂಶವನ್ನು ಹೊಗಳಿ, ಖಮಾಯತಿ ಎತ್ತಿದೆ. ಅಷ್ಟರಲ್ಲಿ ಗೋಡೆಯಾಚೆ ಹಾಲರಿಯೋ ಶುರುವಾಯಿತು. ಸಮ್ದಾಳ ಕಂಠ ಎಲ್ಲರನ್ನೂ ಮೀರಿ ಮೇಲೆ ಬಂತು. ಕೋಟಡಿಯಲ್ಲಿ ಮಾತು ನಿಂತಿತು. ನೆಂಟರೊಬ್ಬರು "ವಾಹ್" ಎಂದರು. ನಾನು ಇಲ್ಲಿಂದ ಮೆಲ್ಲಗೆ ಜೊತೆ ಕೊಟ್ಟೆ. ಎಲ್ಲ ನೆಟ್ಟಗಿತ್ತು. ಒಂದು ನುಡಿ, ಎರಡು ನುಡಿ. ಮೂರನೇ ನುಡಿಯ ನಡುವೆ ಅವಳ ದನಿ ಒಂದು ಗಳಿಗೆ ನಿಂತಿತು. ಉಳಿದ ಹೆಂಗಸರು ಮುಂದುವರಿಸಿದರು. ಅವಳು ಮತ್ತೆ ಸೇರಿಕೊಂಡಾಗ ಸುರ ಇಳಿದಿತ್ತು.

ಅಲ್ಲಿಗೇ, ಆ ನಡುವಿನ ಜಾಗಕ್ಕೇ.

ಒಳಗೆ ಇತರ ಹೆಂಗಸರ ದನಿಗಳು ಒಂದೊಂದಾಗಿ ತಡವರಿಸಿದವು. ಹಳೆಯ ಸುರ ಒಂದು ಕಡೆ, ಅವಳದು ಒಂದು ಕಡೆ. ಇನ್ನೊಂದು ಸಾಲು ಹೀಗೇ ಹೋದರೆ ಅವಳು ಒಬ್ಬಳೇ ತಪ್ಪಿತಸ್ಥಳಾಗಿ ಅಷ್ಟು ಜನರ ನಡುವೆ ನಿಲ್ಲುತ್ತಿದ್ದಳು. ನಾನು ಯೋಚಿಸಲಿಲ್ಲ. ಬೆರಳು ಇಳಿಸಿದೆ. ಬಿಲ್ಲನ್ನು ಪೂರ್ತಿ ಎಳೆದೆ, ಗೋಡೆಯಾಚೆಗೆ ಕೇಳಲಿ ಎಂದು. ಅವಳ ಸುರಕ್ಕೆ ನನ್ನ ಸುರ ಸೇರಿತು. ಆಚೆ ಮಾ ತನ್ನ ಒಡಕು ದನಿಯಲ್ಲಿ ಮೊದಲು ಬಂದು ಸೇರಿಕೊಂಡಳು. ಆಮೇಲೆ ಉಳಿದವರೂ ಬಂದರು. ಹಾಡು ಕೊನೆಯವರೆಗೂ ಹಾಗೇ ಹೋಯಿತು.

ಮುಗಿದಾಗ ಯಾರೂ ವಾಹ್ ಅನ್ನಲಿಲ್ಲ.

"ಇದು ಖಮಾಯತಿ ಅಲ್ಲ" ಎಂದರು ಠಾಕುರ್ ಸಾ.

"ಅಲ್ಲ ಹುಕುಂ."

"ಮತ್ತೆ?"

"ನಮ್ಮ ಮನೇಲಿ ಹಾಲರಿಯೋ ಹೀಗೇ ಇತ್ತು, ಹುಕುಂ. ಈ ಚಳಿಗಾಲದ ತನಕ."

ಅವರಿಗೆ ವಿಷಯ ಗೊತ್ತಿತ್ತೋ, ಆಗ ಹೊಳೆಯಿತೋ. ನನ್ನ ಮುಖ ನೋಡಿದರು. ಆಮೇಲೆ ಕಣ್ಣು ತಗ್ಗಿಸಿ ಹಾಸಿನ ಅಂಚನ್ನು ಸರಿಮಾಡತೊಡಗಿದರು. ಕುಂವರ್ ಸಾ ಮಾತ್ರ ಕೆಂಡವಾಗಿದ್ದರು.

"ನನ್ನ ಮಗನ ಸೂರ್ಯಪೂಜೆ ದಿನ ಇದೇನೋ ಗೋಳು? ನೆಂಟರ ಮುಂದೆ? ಊರಲ್ಲಿ ಹಾಡೋರು ನೀವೊಬ್ರೇನಾ?"

"ಬಿಡು" ಎಂದರು ಠಾಕುರ್ ಸಾ ಮಗನಿಗೆ.

"ಏನು ಬಿಡೋದು ದಾತಾ? ಹೆಸರಿಡೋ ದಿನಕ್ಕೆ ಬೇರೆಯವರನ್ನ ಕರೆಸ್ತೀನಿ."

ಠಾಕುರ್ ಸಾ ಮಗನನ್ನು ತಡೆಯಲಿಲ್ಲ. ಬೆಲ್ಲ, ಪೇಟದ ಬಟ್ಟೆ ಕೊಟ್ಟರು. ಪದ್ಧತಿ ತಪ್ಪಿಸಲಿಲ್ಲ. "ಇನ್ನೊಂದು ನುಡಿಸು" ಎನ್ನಲಿಲ್ಲ. ನನ್ನ ಜೀವಮಾನದಲ್ಲಿ ಆ ಕೋಟಡಿಯಿಂದ ಒಂದೇ ಹಾಡಿಗೆ ಎದ್ದು ಬಂದದ್ದು ಇದೇ ಮೊದಲು. ಅಜ್ಜಿಯ ಕಾಲದಿಂದ ಬಂದದ್ದು ನನ್ನ ಬೆರಳಲ್ಲಿ ಮುಗಿಯಿತೋ ಏನೋ. ಮಾಗೆ ಇದನ್ನು ಹೇಗೆ ಹೇಳಲಿ ಎಂದು ದಾರಿಯಲ್ಲಿ ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ.

ಮಾ ಮತ್ತು ಉಳಿದವರು ಟ್ರಾಕ್ಟರಿನಲ್ಲಿ ಮುಂದೆ ಹೋದರು. ಸಮ್ದಾ ನಡೆದೇ ಬರುತ್ತೇನೆಂದಳು. ಇಬ್ಬರೂ ನಡೆದೆವು. ಊರು ದಾಟುವವರೆಗೂ ಮುಸುಕು ಎಳೆದುಕೊಂಡಿದ್ದಳು.

"ಕುಂವರಾಣಿ ಮಗೂನ ನನ್ನ ಮಡಿಲಿಗೆ ಹಾಕಿದ್ರು" ಎಂದಳು. "ಅವರ ಅತ್ತೆ ಬೇಡ ಬೇಡ ಅಂತಿದ್ರು, ಕೇಳಲಿಲ್ಲ. 'ಹಾಡಿದವಳು ಎತ್ಕೊಳ್ಳದೇ ಇರ್ತಾಳಾ' ಅಂದ್ರು. ಆಗ ಇಳೀತು. ನಾನು ಇಳಿಸಲಿಲ್ಲ."

"ಗೊತ್ತು."

"ನಿಮಗೆ ಕೇಳಿಸ್ತಾ?"

"ಕೇಳಿಸ್ತು."

"ನಿಮ್ಮದೂ ನಂಗೆ ಕೇಳಿಸ್ತು" ಎಂದಳು. ಇನ್ನೂ ಸ್ವಲ್ಪ ದೂರ ನಡೆದ ಮೇಲೆ, "ಆ ಸುರಕ್ಕೆ ಹೋಗಿದ್ದು ತಪ್ಪಲ್ವಾ? ಬೈಯಲ್ವಾ?" ಎಂದಳು.

"ಇಲ್ಲ."

ಕಬ್ರಸ್ತಾನದ ಕಡೆ ದಾರಿ ಕವಲೊಡೆಯುವಲ್ಲಿ ಅವಳು ನಿಂತಳು. ಹೆಂಗಸರು ಮಣ್ಣಿಗೆ ಬರುವುದಿಲ್ಲ. ಅವತ್ತು ಅವಳು ಹೊಸ್ತಿಲಲ್ಲೇ ಉಳಿದಿದ್ದಳು. ಆಮೇಲೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಕೊನೇಗೆ ಅವಳನ್ನ ಯಾರು ನೋಡಿದ್ದು?"

"ನಾನು."

"ಹೇಳಿ."

ಇಂಥದ್ದನ್ನು ತಾಯಿಗೆ ಹೇಳಬಾರದು ಎಂದೇ ನಾನು ತಿಳಿದಿದ್ದೆ. ಹೇಳಿದೆ. ಕಾಕಾ ಕೈ ಚಾಚಿದಾಗ ಮಗುವನ್ನು ಕೊಡದೆ ನಾನೇ ಗುಂಡಿಗೆ ಇಳಿದದ್ದು. ಮರಳು ಒಳಗೆ ಇನ್ನೂ ತಣ್ಣಗಿದ್ದದ್ದು. ಮುಖದ ಬಟ್ಟೆ ಸರಿಸಿ, ಮುಖವನ್ನು ಪಡುವಣಕ್ಕೆ ಕಿಬ್ಲಾದ ಕಡೆ ತಿರುಗಿಸಿದ್ದು. ಎಡಗೆನ್ನೆಯ ಮೇಲೆ ಸಮ್ದಾಳೇ ಇಟ್ಟಿದ್ದ ಕಾಡಿಗೆಯ ಚುಕ್ಕೆ ಅಳಿಸಿರಲಿಲ್ಲ. ಒಂದು ಕೈ ಬಟ್ಟೆಯಿಂದ ಹೊರಗೆ ಬಂದಿತ್ತು, ಮುಷ್ಟಿ ಅರ್ಧ ತೆರೆದಿತ್ತು. ಒಳಗೆ ಸೇರಿಸಲು ಹೋಗಿ ನನ್ನ ಬೆರಳನ್ನು ಅದರೊಳಗೆ ಇಟ್ಟೆ. ಕಾಕಾ ಮೇಲಿನಿಂದ "ಸಾಕು ಮಿಸ್ರಾ, ಬಾ" ಎಂದರು. ಮತ್ತೆ ಮತ್ತೆ ಅಂದರು.

"ಬೆರಳು ಹಿಡ್ಕೊಂಡ್ಳಾ?" ಎಂದು ಕೇಳಿದಳು ಸಮ್ದಾ.

"ಇಲ್ಲ ಸಮ್ದಾ. ಕೇಸರ್ ಹಿಡ್ಕೊಳ್ಳಲಿಲ್ಲ."

ಅವಳು ಅಲ್ಲೇ ಕವಲುದಾರಿಯ ಮರಳಿನ ಮೇಲೆ ಕೂತು, ಇಷ್ಟು ದಿನ ಅಳದದ್ದನ್ನೆಲ್ಲ ಅತ್ತಳು. ಆಚೆ ಕುರಿ ಕಾಯುತ್ತಿದ್ದವರು ನಿಂತು ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದು ಕಮಾಯಿಚಾ ಕೆಳಗಿಟ್ಟು ನಾನೂ ಅವಳ ಪಕ್ಕ ಕೂತೆ.